ಬೀಳುವ ಮೊದಲೇ ಕಟ್ಟುವ ಗೋಡೆ

ಮೂರು ವರ್ಷಗಳ ಹಿಂದೆ, ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ, ಶೃಂಗೇರಿಯ ಮಗ್ಗುಲಿನ ಮೆಣಸೆಯಲ್ಲಿ ಒಂದು ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಮನೆಯ ಯಜಮಾನರು ಗಾರೆ ಕೆಲಸದವರು. ಬದುಕಿಡೀ ಇತರರ ಮನೆಗಳನ್ನು ಕಟ್ಟಿ, ಐವತ್ತು ದಾಟಿದ ಮೇಲೆ ಹಳೆಯ ಹೆಂಚಿನ ಮನೆಯ ಜಾಗದಲ್ಲಿ ತಮ್ಮದೇ ಒಂದು ತಾರಸಿ ಮನೆಯನ್ನು ಎಬ್ಬಿಸಿದ್ದರು. ಕೋಣೆಗಳಿಗೆಲ್ಲ ಪವಿತ್ರ ಜಲವನ್ನು ಪ್ರೋಕ್ಷಿಸಿ ಮುಗಿದ ಮೇಲೆ ನನ್ನನ್ನು ತಾರಸಿಗೆ ಕರೆದೊಯ್ದರು. ಮೆಟ್ಟಿಲುಗಳಿಗೆ ಇನ್ನೂ ಗಾರೆ ಬಿದ್ದಿರಲಿಲ್ಲ, ಕಿಟಕಿಗಳಿಗೆ ಬಾಗಿಲಿರಲಿಲ್ಲ. ಆದರೆ ತಾರಸಿಯ ಸುತ್ತಲೂ ಎದೆಯೆತ್ತರದ ಮೋಟುಗೋಡೆ ಮಾತ್ರ ಪೂರ್ಣವಾಗಿ ನಿಂತಿತ್ತು. ನಾನು ಅಚ್ಚರಿಯಿಂದ ನೋಡಿದಾಗ ಅವರು ಹೇಳಿದರು: "ಮೊದಲು ಇದನ್ನೇ ಮುಗಿಸಿದೆ, ಸ್ವಾಮಿ. ಮನೆ ಎಂದಮೇಲೆ ಮಕ್ಕಳು ಮರಿ ಬರುತ್ತಾರೆ. ಯಾರಾದರೂ ಬಿದ್ದ ಮೇಲೆ ಗೋಡೆ ಕಟ್ಟಿ ಏನು ಪ್ರಯೋಜನ?"

ಕೆಳಗೆ ಅಂಗಳದಲ್ಲಿ ಅವರ ಮಗ ಕಾಯುತ್ತಿದ್ದ. ಇಪ್ಪತ್ತರ ತರುಣ. ಕಂತಿನ ಮೇಲೆ ಕೊಂಡ ಹೊಸ ಬೈಕನ್ನು ತೊಳೆದು, ಹೂವಿನ ಹಾರ ಹಾಕಿ, ಹ್ಯಾಂಡಲಿಗೆ ಜಪಸರ ಸುತ್ತಿ ನಿಲ್ಲಿಸಿದ್ದ. ಅಂದಕ್ಕೆಂದು ಎರಡೂ ಕನ್ನಡಿಗಳನ್ನು ಬಿಚ್ಚಿಟ್ಟಿದ್ದ. ಅವನ ಕೋಣೆಯ ಗೋಡೆಯ ತುಂಬ ಬೈಕ್ ಓಟಗಾರರ ಚಿತ್ರಗಳಿದ್ದುದನ್ನು ಆಗತಾನೆ ಕಂಡಿದ್ದೆ. ಬೈಕನ್ನು ಆಶೀರ್ವದಿಸುವ ಮುನ್ನ ಅವನೊಂದು ಪ್ರಶ್ನೆ ಕೇಳಿದ: "ಸ್ವಾಮಿ, ರೇಸ್ ಓಡಿಸುವುದು ಪಾಪವೇ?" ನಾನು ನಕ್ಕು, "ಪಾಪವೇನಲ್ಲ, ಜೋಪಾನವಾಗಿದ್ದರಾಯಿತು" ಎಂದೆ. ಪವಿತ್ರ ಜಲ ಚಿಮುಕಿಸಿದೆ. ಊಟಕ್ಕೆ ಕರೆದರು, ಹೋದೆ.

ಅದೇ ವರ್ಷ ಜುಲೈ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಗೆಳೆಯನೊಬ್ಬನೊಡನೆ ಪಂದ್ಯ ಕಟ್ಟಿ ಓಡಿಸುತ್ತಿದ್ದ ಆ ಹುಡುಗ ತಿರುವೊಂದರಲ್ಲಿ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ಮೊಣಕೈಗೆ ನೇತುಹಾಕಿಕೊಂಡಿದ್ದ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು, ದೇವರ ದಯೆಯಿಂದ ಬದುಕಿ ಬಂದ. ಎಡಗಿವಿ ಮಾತ್ರ ಇಂದಿಗೂ ಕೇಳಿಸದು. ಆಸ್ಪತ್ರೆಯ ಬಾಗಿಲಲ್ಲಿ ಅವನ ತಾಯಿ ದೂರುವ ದನಿಯಲ್ಲಲ್ಲದೆ, ಸುಮ್ಮನೆ ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು: "ನಾವು ಹೇಳಿದರೆ ಕೇಳುವುದಿಲ್ಲ. ಅವತ್ತು ನೀವು ಒಂದು ಮಾತು ಹೇಳಿದ್ದರೆ ಕೇಳುತ್ತಿದ್ದನೋ ಏನೋ, ಸ್ವಾಮಿ."

ಪ್ರಿಯ ಓದುಗರೇ, ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ತಂದೆ ತಾರಸಿಗೆ ಗೋಡೆ ಕಟ್ಟಿದ್ದರು. ಅಂಗಳದಲ್ಲಿ ನಿಂತಿದ್ದ ಬೈಕಿಗೆ ಗೋಡೆ ಕಟ್ಟಬೇಕಾದ ಸರದಿ ಅಂದು ನನ್ನದಾಗಿತ್ತು. ಕನ್ನಡಿಗಳಿಲ್ಲದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಬಾಯಿ ಬಿಡಲಿಲ್ಲ. ಆ ಹುಡುಗನ ಪ್ರಶ್ನೆಗೆ ಅಂದು ಕೊಡದೆ ಹೋದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡಲು ಯತ್ನಿಸುತ್ತೇನೆ.

ಅಪಾಯ ಬೇರೆ, ಅಲಕ್ಷ್ಯ ಬೇರೆ

ಅಪಾಯವಿರುವ ಕೆಲಸವೆಲ್ಲ ಪಾಪವಾಗಿದ್ದರೆ ನಮ್ಮ ಮಲೆನಾಡಿನಲ್ಲಿ ಒಂದು ಗೊನೆ ಅಡಿಕೆಯೂ ಕೆಳಗಿಳಿಯುತ್ತಿರಲಿಲ್ಲ. ಪಾಚಿ ಹಿಡಿದ ಮರವನ್ನು ಕಾಲಿಗೆ ತಳೆ ಹಾಕಿಕೊಂಡು ಏರುವವನು ಪ್ರತಿದಿನವೂ ಅಪಾಯದೊಡನೆ ಬದುಕುತ್ತಾನೆ. ಅವನನ್ನು ನಾವು ಹುಂಬನೆನ್ನುವುದಿಲ್ಲ, ಕುಶಲಿ ಎನ್ನುತ್ತೇವೆ. ಅವನು ಏರುವ ಮೊದಲು ತಳೆಯನ್ನು ಎಳೆದು ಪರೀಕ್ಷಿಸುವುದನ್ನು ಕಂಡು ಯಾರೂ ಅವನನ್ನು ಹೇಡಿಯೆಂದು ನಗುವುದಿಲ್ಲ. ಅಪಾಯವನ್ನು ಅರಿತು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುವುದು ಧೈರ್ಯ. ಅರಿತೂ ಸಿದ್ಧತೆ ಮಾಡಿಕೊಳ್ಳದಿರುವುದು ಅಲಕ್ಷ್ಯ. ಪಾಪದ ಬೇರು ಇರುವುದು ಈ ಎರಡನೆಯದರಲ್ಲಿ.

ಬೈಕ್ ಓಟವೂ ಹಾಗೆಯೇ. ಅದು ದೇಹದ ಶಿಸ್ತು, ಕಣ್ಣಿನ ತೀಕ್ಷ್ಣತೆ, ಕ್ಷಣಾರ್ಧದ ವಿವೇಚನೆಗಳನ್ನು ಬೇಡುವ ಕ್ರೀಡೆ. ನಮ್ಮ ನಾಡಿನ ಮಕ್ಕಳು ಅದರಲ್ಲಿ ಹೆಸರು ಮಾಡಿದ್ದಾರೆ. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಜಗತ್ತಿನ ಅತಿ ಕಠಿಣ ಓಟಗಳಲ್ಲೊಂದಾದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಜಾ ಓಟಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗದ ಪ್ರಶಸ್ತಿ ಗೆದ್ದರು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ಹಾದಿಗಳಲ್ಲಿ ರಾಷ್ಟ್ರಮಟ್ಟದ ಕಾರ್ ರ‍್ಯಾಲಿಗಳು ನಡೆದಾಗ ನಮ್ಮ ಯುವಕರು ಬೆಳಗಿನಿಂದ ಬೇಲಿಯಂಚಿನಲ್ಲಿ ಕಾದು ನಿಂತದ್ದನ್ನು ಕಂಡಿದ್ದೇನೆ. ಆ ಉತ್ಸಾಹವನ್ನು ಪಾಪವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯನ್ನು ವಿವರಿಸುವಾಗ, ವೇಗದ ಮೋಹದಿಂದ ತನ್ನ ಅಥವಾ ಪರರ ಪ್ರಾಣಕ್ಕೆ ಕುತ್ತು ತರುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆಂದು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಖಂಡಿಸಿರುವುದು ವೇಗವನ್ನಲ್ಲ. ವೇಗಕ್ಕಾಗಿ ಪ್ರಾಣವನ್ನು ಪಣವಾಗಿಡುವ ಉಡಾಫೆಯನ್ನು. ಓಟದ ಅಂಕಣದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ತಿರುವುಗಳಾಚೆ ಜಾರಿಹೋಗಲು ಬಯಲಿರುತ್ತದೆ, ಬಾವುಟ ಹಿಡಿದ ಕಾವಲಿನವರಿರುತ್ತಾರೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತದೆ. ನಮ್ಮ ಘಟ್ಟದ ರಸ್ತೆಯಲ್ಲಿ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಣಿವೆ, ಎದುರಿಗೆ ಶಾಲೆ ಬಿಟ್ಟು ಬರುವ ಮಕ್ಕಳು. ಅಂಕಣದಲ್ಲಿ ಮಾಡಬಹುದಾದುದನ್ನು ರಸ್ತೆಯಲ್ಲಿ ಮಾಡುವುದು ಗೋಡೆಯಿಲ್ಲದ ತಾರಸಿಯಲ್ಲಿ ಕಣ್ಣುಮುಚ್ಚಾಲೆ ಆಡಿದಂತೆ.

ಆದರೆ ಅಂಕಣದ ಆ ಗೋಡೆಗಳೂ ತಾವಾಗಿ ಹುಟ್ಟಿಕೊಂಡವಲ್ಲ. ಯಾರೋ ಒಬ್ಬರು, ಯಾರೂ ಕೇಳದಿದ್ದಾಗ, ಮೊದಲ ಕಲ್ಲನ್ನು ಇಟ್ಟರು. ಅವರ ಕಥೆಯಲ್ಲಿ ನಮಗೆ ಪಾಠವಿದೆ.

ಅರಗಿನ ಟೋಪಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಅಂಕಣದಲ್ಲಿ ಎರಿಕ್ ಗಾರ್ಡ್ನರ್ ಎಂಬ ವೈದ್ಯರಿದ್ದರು. ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ತಲೆಗೆ ಪೆಟ್ಟಾದ ಬೈಕ್ ಸವಾರನೊಬ್ಬ ಅವರ ಮುಂದೆ ಬರುತ್ತಿದ್ದ. ಗಾಯಕ್ಕೆ ಪಟ್ಟಿ ಕಟ್ಟಿ ಕಳುಹಿಸಿದ್ದರೆ ಅವರ ಕರ್ತವ್ಯ ಮುಗಿಯುತ್ತಿತ್ತು. ಯಾವ ಕಾನೂನೂ ಅದಕ್ಕಿಂತ ಹೆಚ್ಚನ್ನು ಅವರಿಂದ ಕೇಳುತ್ತಿರಲಿಲ್ಲ. ಆದರೆ ಅವರು ಲಂಡನ್ನಿನ ಕುಶಲಕರ್ಮಿಯೊಬ್ಬನಿಂದ ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿಗೊಳಿಸಿದ ಟೋಪಿಯನ್ನು ಮಾಡಿಸಿದರು. ಬಲವಾದ ಹೊಡೆತವನ್ನು ತಡೆಯುವಷ್ಟು ಗಡಸು, ತಾಗಿದ ವಸ್ತುವಿನಿಂದ ಜಾರಿಹೋಗುವಷ್ಟು ನುಣುಪು.

ಓಟಗಳನ್ನು ನಡೆಸುವ ಸಂಸ್ಥೆ ಮೊದಲು ಅದನ್ನು ತಳ್ಳಿಹಾಕಿತು. ಆಮೇಲೆ ಮನಸ್ಸು ಬದಲಿಸಿ, 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಟಿ.ಟಿ. ಓಟಕ್ಕೆ ಅದನ್ನು ಕಡ್ಡಾಯ ಮಾಡಿತು. ಸವಾರರು ಗೊಣಗಿದರು. ಗಾರ್ಡ್ನರ್ 94 ಟೋಪಿಗಳನ್ನು ಹೊತ್ತು ದ್ವೀಪಕ್ಕೆ ಹೋದರು. ಓಟದಲ್ಲಿ ಒಬ್ಬ ಸವಾರ ಗೇಟೊಂದಕ್ಕೆ ತಲೆ ತಾಗಿಸಿಕೊಂಡೂ ಉಳಿದುಕೊಂಡ. ಬಳಿಕ ಆ ದ್ವೀಪದ ವೈದ್ಯಾಧಿಕಾರಿ ಅವರಿಗೊಂದು ಪತ್ರ ಬರೆದರು: ಪ್ರತಿವರ್ಷ ಓಟ ಮುಗಿದ ಮೇಲೆ ತಲೆಗೆ ಪೆಟ್ಟಾದವರು ಕೆಲವರಾದರೂ ಬರುತ್ತಿದ್ದರು, ಈ ವರ್ಷ ಒಬ್ಬರೂ ಬರಲಿಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1935ರ ಮೇ ತಿಂಗಳಲ್ಲಿ, 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದು, ತಲೆಯ ಪೆಟ್ಟಿನಿಂದ ಆರು ದಿನಗಳ ಬಳಿಕ ತೀರಿಕೊಂಡರು. ಅವರನ್ನು ಉಳಿಸಲು ಕರೆಸಲಾಗಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳು ಶಸ್ತ್ರಚಿಕಿತ್ಸಕರೂ ಒಬ್ಬರು. ತಾವು ಉಳಿಸಲಾರದೆ ಹೋದ ಆ ಒಬ್ಬನನ್ನು ಅವರು ಮರೆಯಲಿಲ್ಲ. ಬೈಕ್ ಸವಾರರ ತಲೆಯ ಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆದರೆ ಆ ದೇಶದ ಸಾಮಾನ್ಯ ಸವಾರನಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಗಾರ್ಡ್ನರ್ ಅವರ ಅರಗಿನ ಟೋಪಿಗೂ ಕಾನೂನಿಗೂ ನಡುವೆ 59 ವರ್ಷಗಳು! ಕಾನೂನು ಬರಲೆಂದು ಕಾಯುವವನು ಎಷ್ಟು ಕಾಲ ಕಾಯಬೇಕಾದೀತು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಗೆದ್ದವನ ನಿರಾಕರಣೆ

ವೈದ್ಯರು ಹೊರಗೆ ನಿಂತು ಮೊದಲ ಹೆಜ್ಜೆ ಇಟ್ಟರು. ಓಟಗಾರನೇ ಇಟ್ಟರೆ ಅವನು ಕಳೆದುಕೊಳ್ಳುವುದು ಹೆಚ್ಚು. ಇಟಲಿಯ ಜಾಕೊಮೊ ಅಗೊಸ್ಟಿನಿ 15 ಬಾರಿ ವಿಶ್ವ ಚಾಂಪಿಯನ್ ಆದವರು. ಐಲ್ ಆಫ್ ಮ್ಯಾನ್ ದ್ವೀಪದಲ್ಲೇ ಹತ್ತು ಬಾರಿ ಗೆದ್ದವರು. 1972ರ ಜೂನ್ ತಿಂಗಳಲ್ಲಿ ಅದೇ ದ್ವೀಪದ ಓಟದಲ್ಲಿ, ಮಳೆ ಮಂಜಿನ ನಡುವೆ ಅವರ ಗೆಳೆಯ ಜಿಲ್ಬರ್ಟೊ ಪಾರ್ಲೊಟ್ಟಿ ಮಡಿದರು. ಅಂದೇ ನಡೆದ ಇನ್ನೊಂದು ಓಟವನ್ನು ಅಗೊಸ್ಟಿನಿ ಭಾರವಾದ ಮನಸ್ಸಿನಿಂದ ಓಡಿ ಗೆದ್ದರು. ಆ ಮೇಲೆ, ಇನ್ನೆಂದೂ ಇಲ್ಲಿ ಓಡುವುದಿಲ್ಲವೆಂದು ಹೇಳಿ ಹೊರಟುಬಿಟ್ಟರು. ಸೋತವನು ಹಾಗೆ ಹೇಳಿದ್ದರೆ ಜನ ಅಂಜುಬುರುಕನೆನ್ನುತ್ತಿದ್ದರು, ಗೆದ್ದವನನ್ನು ಹಾಗೆನ್ನಲಾಗಲಿಲ್ಲ. ಇತರ ಪ್ರಮುಖ ಸವಾರರೂ ದೂರ ಸರಿದರು. 1976ರ ಬಳಿಕ ಆ ಓಟಕ್ಕೆ ವಿಶ್ವ ಚಾಂಪಿಯನ್‌ಷಿಪ್ಪಿನ ಮಾನ್ಯತೆ ಉಳಿಯಲಿಲ್ಲ. ಮನೆ, ಕಲ್ಲುಗೋಡೆ, ದೀಪದ ಕಂಬಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ನಡೆಯುವ ಆ ಓಟ ಇಂದಿಗೂ ನಿಂತಿಲ್ಲ. ಈವರೆಗೆ 260ಕ್ಕೂ ಹೆಚ್ಚು ಸವಾರರು ಆ ಹಾದಿಯಲ್ಲಿ ಪ್ರಾಣ ತೆತ್ತಿದ್ದಾರೆ.

ಇನ್ನೊಂದು ಘಟನೆ ನಮ್ಮನ್ನು ಬೇರೆ ರೀತಿಯಲ್ಲಿ ಎಚ್ಚರಿಸುತ್ತದೆ. 1973ರ ಮೇ 20ರಂದು ಇಟಲಿಯ ಮೊಂಜಾ ಅಂಕಣದಲ್ಲಿ ಯಾರ್ನೊ ಸಾರಿನೆನ್ ಮತ್ತು ರೆಂಜೊ ಪಾಸೊಲಿನಿ ಎಂಬ ಇಬ್ಬರು ಶ್ರೇಷ್ಠ ಸವಾರರು ಒಂದೇ ಅಪಘಾತದಲ್ಲಿ ಸತ್ತರು. ಅಂಕಣಕ್ಕೆ ಅಂಟಿಕೊಂಡಂತೆ ಉಕ್ಕಿನ ತಡೆಬೇಲಿಯಿತ್ತು, ಜಾರಿಹೋಗಲು ಜಾಗವಿರಲಿಲ್ಲ. ಅಂಥ ಬೇಲಿಗಳನ್ನು ಆ ಕಾಲದಲ್ಲಿ ಹಾಕಿದ್ದು ಕಾರು ಓಡಿಸುವವರ ರಕ್ಷಣೆಗಾಗಿ. ಕಾರಿನವನನ್ನು ಉಳಿಸುವ ಬೇಲಿ ಬೈಕಿನವನಿಗೆ ಮೃತ್ಯುವಾಯಿತು. ಒಬ್ಬರಿಗೆ ಒಳಿತು ಮಾಡುವಾಗಲೂ ಆ ಹಾದಿಯಲ್ಲಿ ಇನ್ನಾರು ನಡೆಯುತ್ತಾರೆಂದು ಕೇಳಿ ತಿಳಿಯಬೇಕು. ಮರುವರ್ಷ, 1974ರಲ್ಲಿ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬೇಲಿಗಳ ಮುಂದೆ ಹುಲ್ಲಿನ ಹೊರೆಗಳನ್ನಾದರೂ ಇಡಿ ಎಂದು ಕೇಳಿ, ಅದು ಈಡೇರದಿದ್ದಾಗ ಪ್ರಮುಖ ಸವಾರರು ಓಡದೆ ಹಿಂದಿರುಗಿದರು. ಅವರು ಕೇಳಿದ್ದು ಹುಲ್ಲು! ಜೀವದ ಬೆಲೆ ಅಷ್ಟಕ್ಕೂ ಚೌಕಾಸಿಗೆ ಬೀಳುತ್ತದೆಂಬುದನ್ನು ಓದಿದಾಗ ಮನಸ್ಸು ಕುಗ್ಗುತ್ತದೆ.

ಒಂದು ಮಗುವಿನ ಮುಂದೆ

ಇದೆಲ್ಲ ದೂರದ ಕಥೆಯೆನಿಸಿದರೆ ಹತ್ತಿರಕ್ಕೆ ಬನ್ನಿ. ಬೆಂಗಳೂರಿನ ಶ್ರೇಯಸ್ ಹರೀಶ್ ಎಂಬ ಬಾಲಕನ ಹೆಸರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಪಾರ ಪ್ರತಿಭೆಯ ಹುಡುಗ. 2023ರ ಆಗಸ್ಟ್ 5ರಂದು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈನಲ್ಲಿರುವ ಅಂಕಣದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಮೂರನೆಯ ಸುತ್ತು. ಬೆಳಗಿನ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನ ಪಡೆದಿದ್ದ. ಓಟ ಆರಂಭವಾಗಿ ಮೊದಲ ತಿರುವಿನಿಂದ ಹೊರಬರುವಾಗಲೇ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ ಅಸುನೀಗಿದ. ಹದಿಮೂರು ತುಂಬಿ ಹತ್ತು ದಿನಗಳಾಗಿದ್ದವು. ಉಳಿದ ಓಟಗಳನ್ನು ಸಂಘಟಕರು ರದ್ದುಗೊಳಿಸಿದರು.

ಆ ತಂದೆತಾಯಿಗಳನ್ನಾಗಲಿ ಸಂಘಟಕರನ್ನಾಗಲಿ ತೀರ್ಪಿಗೆ ಎಳೆಯುವ ಅಧಿಕಾರ ನಮಗಿಲ್ಲ. ಆ ದುಃಖದ ಮುಂದೆ ತಲೆಬಾಗುವುದೊಂದೇ ನಮಗೆ ಉಳಿದಿರುವುದು. ಆದರೆ ತಲೆಬಾಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ವಯಸ್ಕನೊಬ್ಬ ಅಪಾಯವನ್ನು ಬಲ್ಲೆನೆಂದು ಹೇಳಿ ಓಡುವುದು ಒಂದು ಮಾತು. ಸಾವೆಂದರೇನೆಂದು ಇನ್ನೂ ಪೂರ್ತಿ ಅರಿಯದ ಮಗು ಒಪ್ಪಿಗೆಯೆನ್ನುವುದನ್ನು ನಾವು ಒಪ್ಪಿಗೆಯೆಂದು ಪರಿಗಣಿಸಬಹುದೇ? ಜಗತ್ತಿನಲ್ಲಿ ಈ ಪ್ರಶ್ನೆ ಮೊದಲೇ ಎದ್ದಿತ್ತು. 2021ರ ಒಂದೇ ವರ್ಷದಲ್ಲಿ ಯುರೋಪಿನ ಅಂಕಣಗಳಲ್ಲಿ 19ರ ಜೇಸನ್ ಡುಪಾಸ್ಕಿಯೆ, 14ರ ಹ್ಯೂಗೊ ಮಿಲ್ಯಾನ್, 15ರ ಡೀನ್ ಬೆರ್ಟಾ ವಿನ್ಯಾಲೆಸ್ ಮಡಿದಾಗ, ಗ್ರ್ಯಾನ್ ಪ್ರಿ ಓಟಗಳ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸುವ ನಿರ್ಧಾರವನ್ನು ಅದೇ ಅಕ್ಟೋಬರಿನಲ್ಲಿ ಪ್ರಕಟಿಸಲಾಯಿತು. ಒಳ್ಳೆಯ ನಿರ್ಧಾರವೇ. ಆದರೆ ಮೂರು ಶವಪೆಟ್ಟಿಗೆಗಳ ಹಿಂದೆ ನಡೆದು ಬಂದ ನಿರ್ಧಾರ.

ಡಕಾರ್ ರ‍್ಯಾಲಿಯಲ್ಲೂ ಇಂಥದೇ ಪಾಠ. 2020ರ ಜನವರಿಯಲ್ಲಿ ಪೋರ್ಚುಗಲ್ಲಿನ ಅನುಭವಿ ಸವಾರ ಪಾವ್ಲೊ ಗೊನ್ಸಾಲ್ವಿಸ್ ಅರಬ್ ಮರುಭೂಮಿಯಲ್ಲಿ ಮಡಿದರು. 2021ರಿಂದ ಬೈಕ್ ಸವಾರರೆಲ್ಲರೂ ಬಿದ್ದಾಗ ಉಬ್ಬಿಕೊಳ್ಳುವ ಗಾಳಿಚೀಲದ ಕವಚವನ್ನು ತೊಡುವುದು ಕಡ್ಡಾಯವಾಯಿತು. ಗೊನ್ಸಾಲ್ವಿಸ್ ಅವರ ತಂಡದವರೇ ಆದ, ಬೆಂಗಳೂರಿನ ಸಿ. ಎಸ್. ಸಂತೋಷ್ ಅದೇ 2021ರ ಜನವರಿಯಲ್ಲಿ ಅಲ್ಲಿ ಭೀಕರವಾಗಿ ಬಿದ್ದರು. ವೈದ್ಯರು ಅವರನ್ನು ಕೃತಕ ಕೋಮಾದಲ್ಲಿರಿಸಬೇಕಾಯಿತು. ದೇವರ ದಯೆಯಿಂದ ಬದುಕಿ ಊರಿಗೆ ಮರಳಿದರು. ಅಂದು ಸಹಸ್ಪರ್ಧಿಗಳು ತಮ್ಮ ಓಟವನ್ನು ನಿಲ್ಲಿಸಿ ಅವರ ಬಳಿ ನಿಂತರು. ಆ ಓಟದಲ್ಲೊಂದು ಸುಂದರ ನಿಯಮವಿದೆ: ಬಿದ್ದವನಿಗಾಗಿ ನಿಂತವನು ಕಳೆದುಕೊಂಡ ಸಮಯವನ್ನು ಅವನಿಗೆ ಮರಳಿ ಕೊಡಲಾಗುತ್ತದೆ. ದಯೆ ತೋರಿದವನು ಸೋಲಬಾರದೆಂದು ನಿಯಮ ರೂಪಿಸಿದ ಮನುಷ್ಯನನ್ನು ನಾನು ಮನಸಾರೆ ವಂದಿಸುತ್ತೇನೆ.

ಮೂರು ನೆಪಗಳು

ಹಾಗಾದರೆ ನಾವೇಕೆ ಮೊದಲ ಹೆಜ್ಜೆ ಇಡುವುದಿಲ್ಲ? ನನ್ನನ್ನೇ ಶೋಧಿಸಿಕೊಂಡಾಗ ಮೂರು ನೆಪಗಳು ಸಿಕ್ಕವು.

ಮೊದಲನೆಯದು, "ಅದು ಅವನ ಇಷ್ಟ, ನಮಗೇಕೆ?" ಎಂಬುದು. ಅಪಾಯವನ್ನು ಆರಿಸಿಕೊಂಡವನು ಅದರ ಫಲವನ್ನೂ ಉಣ್ಣಲಿ ಎಂಬ ವಾದ ಕೇಳಲು ನ್ಯಾಯವೆನಿಸುತ್ತದೆ. ಆದರೆ ಯಾವ ಸವಾರನೂ ಒಬ್ಬನೇ ಬೀಳುವುದಿಲ್ಲ. ಅವನೊಡನೆ ಆಸ್ಪತ್ರೆಯ ಬಾಗಿಲಲ್ಲಿ ತಾಯಿ ಬೀಳುತ್ತಾಳೆ, ಸಾಲದ ಕಂತು ಹೊತ್ತ ತಂದೆ ಬೀಳುತ್ತಾನೆ. "ನಾನೇನು ನನ್ನ ತಮ್ಮನನ್ನು ಕಾಯುವವನೇ?" ಎಂಬ ಅರ್ಥದ ಪ್ರಶ್ನೆಯನ್ನು ಮೊದಲು ಕೇಳಿದವನು ಯಾರೆಂಬುದನ್ನು ನೀವು ಬಲ್ಲಿರಿ.

ಎರಡನೆಯದು, "ಎಲ್ಲರೂ ಹಾಗೆಯೇ ಓಡಿಸುತ್ತಾರೆ" ಎಂಬುದು. 1914ರಲ್ಲಿ ಅರಗಿನ ಟೋಪಿಯನ್ನು ಕಂಡು ಗೊಣಗಿದವರ ಮಾತೂ ಇದೇ ಆಗಿದ್ದಿರಬೇಕು. ಮೊದಲ ಹೆಜ್ಜೆ ಇಡುವವನಿಗೆ ಯಾವಾಗಲೂ ಒಂದಿಷ್ಟು ನಗೆಪಾಟಲು ಕಾದಿರುತ್ತದೆ. ನಾನು ಅಂದು ಮೆಣಸೆಯಲ್ಲಿ ಸುಮ್ಮನಿದ್ದುದಕ್ಕೆ ಕಾರಣವೂ ಇಷ್ಟೇ: ಹಬ್ಬದ ಮನೆಯಲ್ಲಿ ಉಪದೇಶ ಮಾಡಿ ರಸಭಂಗ ಮಾಡಿದನೆಂದು ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೂರನೆಯದು ಭಕ್ತರ ನೆಪ, ಹಾಗಾಗಿ ಹೆಚ್ಚು ಅಪಾಯಕಾರಿ: "ದೇವರು ಕಾಪಾಡುತ್ತಾನೆ." ಹ್ಯಾಂಡಲಿಗೆ ಜಪಸರ ಸುತ್ತಿ, ಹೆಲ್ಮೆಟ್ಟನ್ನು ಮೊಣಕೈಗೆ ತೂಗಿಸಿಕೊಂಡು ಹೋಗುವ ವಿಶ್ವಾಸವಿದು. ಶೈತಾನನು ಪ್ರಭುವನ್ನು ಮಹಾದೇವಾಲಯದ ಗೋಪುರಾಗ್ರಕ್ಕೆ ಕರೆದೊಯ್ದು, ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಹುರಿದುಂಬಿಸಿದ್ದನ್ನು ನೆನೆಯಿರಿ. ಪ್ರಭು ಧುಮುಕಲಿಲ್ಲ, ಅಂಥ ಧುಮುಕನ್ನು ದೇವರನ್ನು ಪರೀಕ್ಷಿಸುವುದೆಂದು ಕರೆದರು. ಭರವಸೆಗೂ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ನಾವು ಕಲಿಸಿದ್ದೇವೆಯೇ?

ಮೆಣಸೆಯ ಆ ಗಾರೆಯವರು ಧರ್ಮೋಪದೇಶಕಾಂಡವನ್ನು ಓದಿ ಗೋಡೆ ಕಟ್ಟಿದವರಲ್ಲ. ಆದರೆ ಅದರ 22ನೆಯ ಅಧ್ಯಾಯದಲ್ಲಿ ಅವರ ಮಾತೇ ಇದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಲೇಬೇಕು. ಇಲ್ಲವಾದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ ಬರುವುದೆಂದು ಅಲ್ಲಿ ವಿಧಿಸಲಾಗಿದೆ. ಹೊಣೆಯನ್ನು ಯಾರ ಮೇಲೆ ಹೊರಿಸಲಾಗಿದೆ ನೋಡಿ. ಬೀಳುವವನು ಎಚ್ಚರವಾಗಿರಬೇಕಿತ್ತೆಂದು ಹೇಳಿಲ್ಲ. ಮಾಳಿಗೆಯನ್ನು ಕಟ್ಟಿ ಅದರ ಸುಖ ಅನುಭವಿಸುವವನೇ ಗೋಡೆಯನ್ನೂ ಕಟ್ಟಬೇಕು. ಓಟದಿಂದ ಆನಂದ ಪಡೆಯುವವನು, ಅದರಿಂದ ಲಾಭ ಪಡೆಯುವವನು, ಬೈಕನ್ನು ಮಾರುವವನು, ಮಗನಿಗೆ ಕೊಡಿಸುವವನು, ಅದನ್ನು ಆಶೀರ್ವದಿಸುವವನು, ಇವರೆಲ್ಲರೂ ಮಾಳಿಗೆಯ ಒಡೆಯರೇ.

ನಮ್ಮ ಅಂಗಳದಲ್ಲಿ

ಓಟದ ಅಂಕಣಕ್ಕೆ ನಾವು ಹೋಗದಿರಬಹುದು. ಬೈಕು ಮಾತ್ರ ಎಲ್ಲರ ಅಂಗಳದಲ್ಲೂ ನಿಂತಿದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಓಟಗಾರನು ತಲೆಯಿಂದ ಕಾಲಿನವರೆಗೆ ಕವಚ ತೊಟ್ಟು ಅಂಕಣಕ್ಕಿಳಿಯುತ್ತಾನೆ. ಅವನನ್ನು ಅನುಕರಿಸುವ ನಮ್ಮ ಹುಡುಗ ಅವನ ವೇಗವನ್ನಷ್ಟೇ ಎರವಲು ಪಡೆಯುತ್ತಾನೆ, ಕವಚವನ್ನಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಹರೀಶ್ ಎಂಬ ಬೈಕ್ ಸವಾರನನ್ನು ಕರ್ನಾಟಕ ಮರೆತಿಲ್ಲ. ದೇಹ ಎರಡು ಭಾಗವಾಗಿದ್ದಾಗಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿದ ತರುಣ ಆತ. ಹೆಲ್ಮೆಟ್ ಧರಿಸಿದ್ದರಿಂದ ಆತನ ಕಣ್ಣುಗಳಿಗೆ ಹಾನಿಯಾಗಿರಲಿಲ್ಲ; ಅವು ದಾನವಾಗಿ ಸಂದವು. ಮರುತಿಂಗಳೇ ರಾಜ್ಯ ಸರ್ಕಾರವು ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಯ ಯೋಜನೆಗೆ ಆತನ ಹೆಸರಿಟ್ಟು ಜಾರಿಗೆ ತಂದಿತು. ಸಾಯುತ್ತಿದ್ದವನೊಬ್ಬ ಇತರರಿಗಾಗಿ ಮೊದಲ ಹೆಜ್ಜೆ ಇಟ್ಟನು. ಬದುಕಿರುವ ನಮಗೆ ಅದಕ್ಕಿಂತ ಸುಲಭದ ಹೆಜ್ಜೆಗಳಿವೆ.

ಹೆಲ್ಮೆಟ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಲಿ. ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನು ಹರಡುತ್ತದೆ. ಒಳಗಿನ ದಪ್ಪ ಥರ್ಮೋಕೋಲ್ ಪದರ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದೆ. ಆ ಪದರವಿಲ್ಲದ ಅಗ್ಗದ ಟೋಪಿ ದಂಡದಿಂದ ತಪ್ಪಿಸೀತು, ಸಾವಿನಿಂದಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಅದು ಸವಾರನಿಗಿಂತ ಮೊದಲೇ ಹಾರಿಹೋಗುತ್ತದೆ. ಐ.ಎಸ್.ಐ. ಗುರುತಿಲ್ಲದ್ದನ್ನು ಕೊಳ್ಳಬೇಡಿ. ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಮಾಡಲಾಗಿದೆ. 2023ರ ಫೆಬ್ರವರಿ 15ರಿಂದ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ತಕ್ಕ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು; ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. ಇನ್ನು, ಅಪ್ರಾಪ್ತ ಮಗ ಬೈಕು ಓಡಿಸಿ ಅಪರಾಧವೆಸಗಿದರೆ 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಮಾಳಿಗೆಯ ಒಡೆಯನನ್ನೇ ಹೊಣೆ ಮಾಡುವ ಆ ಪುರಾತನ ವಿಧಿಯನ್ನು ನಮ್ಮ ಕಾನೂನು ಕೊನೆಗೂ ಒಪ್ಪಿಕೊಂಡಿದೆ.

ವಲಸಿಗರ ಹಾಗೂ ಪ್ರಯಾಣಿಕರ ಪಾಲನೆಗಾಗಿ ಇದ್ದ ವ್ಯಾಟಿಕನ್ ಮಂಡಳಿಯು 2007ರಲ್ಲಿ ವಾಹನ ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತ್ತು. ಇತರರ ಬಗ್ಗೆ ಹೊಣೆಗಾರಿಕೆಯುಳ್ಳವರಾಗಿರಿ ಎಂಬ ಆಶಯ ಅದರ ಹತ್ತನೆಯದು. ಮೆಣಸೆಯಿಂದ ಬಂದ ಮೇಲೆ ಅದನ್ನು ನಾನು ಮತ್ತೆ ಹುಡುಕಿ ಓದಿದೆ.

ಮರುವರ್ಷ ಜುಲೈ 25ರಂದು, ಪ್ರಯಾಣಿಕರ ಪಾಲಕ ಸಂತ ಕ್ರಿಸ್ಟೋಫರರ ಹಬ್ಬದಲ್ಲಿ, ವಾಹನಗಳ ಆಶೀರ್ವಾದವನ್ನು ಇಟ್ಟುಕೊಂಡೆವು. ಹಿಂದಿನ ಭಾನುವಾರವೇ ಹೇಳಿದ್ದೆ: ಬೈಕಿನೊಡನೆ ಹೆಲ್ಮೆಟ್ಟುಗಳನ್ನೂ ತನ್ನಿ, ಎಷ್ಟು ಜನ ಕೂರುತ್ತೀರೋ ಅಷ್ಟು. ಕನ್ನಡಿಗಳನ್ನು ಹಾಕಿಸಿಕೊಂಡು ಬನ್ನಿ. ಕೆಲವರು ನಕ್ಕರು, ಸ್ವಾಮಿಗಳು ಪೊಲೀಸರಾದರೆಂದು ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಇಬ್ಬರು ಬರಲೇ ಇಲ್ಲ. ಬಂದವರ ಬೈಕುಗಳನ್ನು ಮಳೆಯಲ್ಲಿ ನಿಂತು ಒಂದೊಂದಾಗಿ ನೋಡಿ, ಟೈರು ಸವೆದವರಿಗೆ ಹೇಳಿ, ಪಟ್ಟಿ ಬಿಗಿಯದವರಿಗೆ ಬಿಗಿದು ಕೊಡುತ್ತಿದ್ದವನು ಮೆಣಸೆಯ ಆ ಹುಡುಗನೇ. ಮಾತನಾಡಿಸುವವರ ಕಡೆಗೆ ಬಲಗಿವಿಯನ್ನು ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದ. ಬೈಕ್ ಓಟದ ಆಸೆ ಹೋಯಿತೇ ಎಂದು ಕೇಳಿದೆ. "ಇಲ್ಲ ಸ್ವಾಮಿ, ಹೋಗಿಲ್ಲ" ಎಂದು ನಕ್ಕ. "ಓಡಿಸುವುದಿದ್ದರೆ ಅಂಕಣದಲ್ಲಿ, ಎಲ್ಲ ತೊಟ್ಟುಕೊಂಡು."

ಪ್ರಿಯ ಓದುಗರೇ, ಈ ಸಂಚಿಕೆಯನ್ನು ಮಡಿಚಿಟ್ಟ ಮೇಲೆ ಒಮ್ಮೆ ಅಂಗಳಕ್ಕೆ ಹೋಗಿ ನಿಮ್ಮ ಮನೆಯ ಬೈಕನ್ನು ನೋಡಿ. ಕನ್ನಡಿಗಳಿವೆಯೇ? ಮನೆಯಲ್ಲಿ ಹೆಲ್ಮೆಟ್ಟುಗಳು ಎಷ್ಟಿವೆ, ಕೂರುವವರು ಎಷ್ಟು ಮಂದಿ? ಮಗನನ್ನು ಕರೆದು, ಗದರದೆ, ಪಟ್ಟಿಯನ್ನು ನೀವೇ ಒಮ್ಮೆ ಬಿಗಿದು ನೋಡಿ. ಅವನು ಮುಖ ಸಿಂಡರಿಸಬಹುದು, ಸಿಂಡರಿಸಲಿ. ನಾನು ಹೇಳದೆ ಹೋದ ಆ ಒಂದು ಮಾತನ್ನು ನೀವು ಇಂದೇ ಹೇಳಿ.